ಹದಿಮೂರು ಶುಕ್ರವಾರಗಳಿಗೆ ಒಂದು ಬೇಟೆ

ಅಕ್ಟೋಬರ್ 4, ಶುಕ್ರವಾರ. ನನ್ನ ಡೈರಿಯ ಆ ಪುಟದಲ್ಲಿ ಇಷ್ಟೇ ಇದೆ: ಬೆಳಿಗ್ಗೆ 6.40ಕ್ಕೆ ಖೈತಾನಿನ ನಮ್ಮ ರೂಮು ಬಿಟ್ಟೆವು. 7.25ಕ್ಕೆ ಅರಬಿಯ ಮನೆ ತಲುಪಿದೆವು. ಕಟ್ಟಿದ ಬ್ಲಾಕ್ 58. ಉಪ್ಪ ಖುಷಿಯಲ್ಲಿದ್ದರು.

ಉಪ್ಪ ಅಂದರೆ ನನ್ನ ತಂದೆ. ಇಪ್ಪತ್ತೇಳು ವರ್ಷ ಕುವೈತಿನಲ್ಲಿ ಮೇಸ್ತ್ರಿಯಾಗಿದ್ದರು. ನಾನು ಬಂದು ಮೂರು ವರ್ಷವಾಗಿತ್ತು. ಬೇರೊಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ಸಿಮೆಂಟ್ ಎಷ್ಟು ಚೀಲ ಬಂತು, ಎಷ್ಟು ಹೋಯಿತು, ಯಾರ ಕೈಯಲ್ಲಿ ಯಾವ ಡ್ರಿಲ್ ಇದೆ ಎಂದು ಬರೆದಿಡುವುದೇ ನನ್ನ ಕೆಲಸ. ಆ ಅಭ್ಯಾಸ ರೂಮಿಗೂ ಬಂದು, ದಿನದ ಕೊನೆಗೆ ನಾಲ್ಕು ಸಾಲು ಬರೆಯದೆ ನನಗೆ ನಿದ್ದೆ ಬರುವುದಿಲ್ಲ. ನಮ್ಮ ರೂಮಿನಲ್ಲಿ ನಾಲ್ಕು ಮಂಚ. ಎರಡು ನಮ್ಮದು. ಉಳಿದ ಎರಡರಲ್ಲಿ ಉಡುಪಿ ಕಡೆಯ ಒಬ್ಬ ಡ್ರೈವರ್ ಮತ್ತು ಅವನ ತಮ್ಮ.

ಉಪ್ಪನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಇನ್ನು ಹೊಸದು ಮಾಡುವುದಿಲ್ಲ ಎಂದು ಸೆಪ್ಟೆಂಬರಿನಲ್ಲಿ ಕಂಪನಿಯವರು ತಿಳಿಸಿದ್ದರು. ವಯಸ್ಸಾಯಿತು, ಫೆಬ್ರವರಿ 9ಕ್ಕೆ ಖಲಾಸ್. ಉಪ್ಪ ಅದನ್ನು ಮಳೆ ಬರುತ್ತದೆ ಎಂಬಷ್ಟೇ ಸಾಧಾರಣವಾಗಿ ನನಗೆ ಹೇಳಿದರು. "ಇಪ್ಪತ್ತೇಳು ವರ್ಷದಲ್ಲಿ ಎಂತದ್ದು ನೋಡಿದ್ದೀರಿ ಇಲ್ಲಿ?" ಎಂದು ಡ್ರೈವರ್ ಕೇಳಿದ್ದಕ್ಕೆ, "ಗೋಡೆ," ಅಂದರು. ಸ್ವಲ್ಪ ಯೋಚಿಸಿ, "ಗೋಡೆಯ ಎರಡೂ ಬದಿ," ಎಂದು ಸೇರಿಸಿದರು. ಎಲ್ಲರೂ ನಕ್ಕೆವು.

ಆ ದಿನಗಳಲ್ಲೇ ಅವರ ಕಂಪನಿ ಅಹ್ಮದಿ ಕಡೆ ಒಂದು ಮನೆಗೆ ರಿಪೇರಿಗೆ ಕಳಿಸಿತು. ಮನೆಯ ಯಜಮಾನ ಐವತ್ತು ದಾಟಿದ ಅರಬಿ, ಸರ್ಕಾರಿ ಕೆಲಸದಿಂದ ನಿವೃತ್ತ. ಅವನ ಬೈಠಕ್ಕಿನಲ್ಲಿ ಎರಡು ಬೇಟೆ ಗಿಡುಗಗಳಿದ್ದವು. ಚಳಿಗಾಲದಲ್ಲಿ ಮರುಭೂಮಿಯಲ್ಲಿ ಡೇರೆ ಹಾಕಿ, ಹಣ ಕೊಡುವ ಅತಿಥಿಗಳನ್ನು ಕರೆದೊಯ್ದು ಗಿಡುಗ ಹಾರಿಸಿ ಬೇಟೆ ತೋರಿಸುವುದು ಅವನ ಹವ್ಯಾಸವೂ ಹೌದು, ವ್ಯಾಪಾರವೂ ಹೌದು. ಉಪ್ಪ ಆ ಸಂಜೆ ರೂಮಿಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದರು: "ಮೋನೆ, ಅದರ ಕಣ್ಣಿಗೆ ಚರ್ಮದ ಟೊಪ್ಪಿ ಹಾಕಿದ್ದಾರೆ. ಏನೂ ಕಾಣುವುದಿಲ್ಲ ಅದಕ್ಕೆ. ಆದರೂ ಕೂತ ಗತ್ತು ನೋಡಬೇಕಿತ್ತು ನೀನು!"

ಉಪ್ಪನಿಗೆ ಬೇಟೆಯ ಹುಚ್ಚು ಹಳೆಯದು. ಚಾರ್ಮಾಡಿ ಘಾಟಿಯ ಬುಡದಲ್ಲಿ ಅವರ ಹುಟ್ಟೂರು. ಅವರು ಹುಡುಗರಾಗಿದ್ದಾಗ ಗದ್ದೆಗೆ ನುಗ್ಗುವ ಕಾಡುಹಂದಿಯನ್ನು ಹೊಡೆಯಲು ಊರವರೆಲ್ಲ ಸೇರುತ್ತಿದ್ದರಂತೆ. ಕೋವಿ ಇದ್ದವರು ಮುಂದೆ ಹೋಗಿ ಗುಡ್ಡದ ಆಚೆ ಅಡಗಿ ನಿಲ್ಲುತ್ತಿದ್ದರು. ಇಲ್ಲದವರು ಹಿಂದಿನಿಂದ ಡಬ್ಬ ಬಡಿದು, ಕೂಗಿ, ಪ್ರಾಣಿಯನ್ನು ಅವರತ್ತ ಸೋವಬೇಕು. ಉಪ್ಪ ಯಾವಾಗಲೂ ಡಬ್ಬ ಬಡಿಯುವವರಲ್ಲೇ. ಹಂದಿ ನಾವು ತಿನ್ನದ ಪ್ರಾಣಿ. ಹಾಗಾಗಿ ಪಾಲಿನ ಆಸೆ ಅವರಿಗಿರಲಿಲ್ಲ. ನೋಡಬೇಕಿತ್ತು, ಅಷ್ಟೆ. ಪೊದೆಯ ಆಚೆ ಈಡು ಕೇಳುತ್ತಿತ್ತು. ಓಡಿ ಹೋಗಿ ನೋಡುವಷ್ಟರಲ್ಲಿ ಪ್ರಾಣಿ ಬಿದ್ದಿರುತ್ತಿತ್ತು. "ಒಂಬತ್ತು ಬೇಟೆಗೆ ಹೋಗಿದ್ದೇನೆ, ಒಂದನ್ನೂ ನೋಡಿಲ್ಲ," ಎಂದು ಅವರು ಹೇಳುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ.

ಅರಬಿಗೆ ಮನೆಯ ಹಿಂದೆ ಒಂದು ಪ್ರತ್ಯೇಕ ಕೋಣೆ ಬೇಕಿತ್ತು. ಗಿಡುಗಗಳಿಗೆ ಮತ್ತು ಬರುವ ಅತಿಥಿಗಳಿಗೆ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮುಂದೆ ಮೂರು ಮೆಟ್ಟಿಲು. ಉಪ್ಪ ಗಿಡುಗವನ್ನೇ ನೋಡುತ್ತ ನಿಂತದ್ದನ್ನು ಅವನು ಗಮನಿಸಿರಬೇಕು. ಮುಂದಿನ ಶುಕ್ರವಾರ ನನ್ನನ್ನೂ ಕರೆಸಿಕೊಂಡು, ಚಹಾ ಕೊಟ್ಟು, ಗಲ್ಫಿನ ಕಲಸುಮೇಲೋಗರ ಹಿಂದಿಯಲ್ಲಿ ಮಾತು ತೆಗೆದ.

"ಶೂಫ್ ಹಾಜಿ. ತುಮ್ ಮೇರಾ ರೂಮ್ ಬನಾವ್. ಹಮ್ ತುಮ್‌ಕೋ ಶಿಕಾರ್ ಲೇಕೆ ಜಾಯೇಗಾ. ದೋ ದಿನ್. ತುಮ್, ತುಮಾರಾ ಬೇಟಾ."

ಉಪ್ಪ ಹಜ್ ಮಾಡಿದವರಲ್ಲ. ಇಲ್ಲಿ ಗಡ್ಡ ಬೆಳ್ಳಗಾದ ಕೆಲಸಗಾರರನ್ನೆಲ್ಲ ಹಾಜಿ ಎಂದೇ ಕರೆಯುತ್ತಾರೆ.

ನಾನು ಕೇಳಿದೆ, ಬೇಟೆಗೆ ಹೋದಾಗ ನಮ್ಮ ಕೆಲಸವೇನು ಎಂದು. ಅರಬಿ ಎದೆಯ ಮೇಲೆ ಕೈಯಿಟ್ಟ. "ಕಾಮ್ ಮಾಫಿ! ತುಮ್ ದೈಫ್."

ಮಾಫಿ ಅಂದರೆ ಇಲ್ಲ, ದೈಫ್ ಅಂದರೆ ಅತಿಥಿ. ಆ ಮಾತನ್ನು ನಾನು ಅಂದೇ ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಒಪ್ಪುವಾಗ ನನಗೆ ಭಯವಿತ್ತು. ನಮ್ಮ ವೀಸಾಕ್ಕೆ ಹೊಣೆ ನಿಂತ ಕಫೀಲ್ ಅಲ್ಲದವನ ಬಳಿ ಕೆಲಸ ಮಾಡುತ್ತ ಸಿಕ್ಕಿಬಿದ್ದರೆ ಊರಿನ ವಿಮಾನವೇ ಗತಿ. ಉಪ್ಪನಿಗೆ ಹೇಗೂ ವಿಮಾನ ನಿಗದಿಯಾಗಿತ್ತು. ಭಯ ನನ್ನದು. ಆದರೆ ಅವರ ಮುಖ ನೋಡಿ ನಾನೇ ಮೊದಲು ಹೂಂ ಅಂದೆ. ಅವರು ಇಲ್ಲಿಂದ ಹೋಗುವ ಮೊದಲು ಒಂದು ಬೇಟೆಯನ್ನು ಮುಂದಿನ ಸಾಲಿನಲ್ಲಿ ನಿಂತು ನೋಡಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ.

ಹದಿನಾಲ್ಕು ಶುಕ್ರವಾರಗಳಲ್ಲಿ ಹದಿಮೂರು ದಿನ ದುಡಿದೆವು. ನವೆಂಬರ್ 22ರಂದು ಉಪ್ಪನಿಗೆ ಜ್ವರ. ಒಟ್ಟು ಬ್ಲಾಕ್ 571. ನೆಲಕ್ಕೆ ಟೈಲ್ಸ್ 61, ಅದರಲ್ಲಿ ನಾನು ಒಡೆದದ್ದು 3. ಉಪ್ಪ ಕಟ್ಟುತ್ತಿದ್ದರು, ನಾನು ಕಲಸಿ ಹೊತ್ತು ಕೊಡುತ್ತಿದ್ದೆ. ಸ್ಟೋರಿನಲ್ಲಿ ಎಣಿಸಿ ಮಾತ್ರ ಗೊತ್ತಿದ್ದ ಸಿಮೆಂಟು ಎಷ್ಟು ಭಾರ ಎಂದು ಆಗ ತಿಳಿಯಿತು. ಹನ್ನೊಂದೂವರೆಗೆ ಕೈಕಾಲು ತೊಳೆದು ಜುಮಾ ನಮಾಜಿಗೆ ಹೋಗುತ್ತಿದ್ದೆವು. ಬಂದ ಮೇಲೆ ಮನೆಯೊಳಗಿಂದ ದೊಡ್ಡ ತಟ್ಟೆಯಲ್ಲಿ ಅನ್ನ, ಕೋಳಿ. ಊಟದ ವಿಷಯದಲ್ಲಿ ಅವರನ್ನು ದೂರುವಂತಿಲ್ಲ.

ಉಪ್ಪ ಆ ಕೋಣೆಯನ್ನು ಕಟ್ಟಿದಷ್ಟು ಪ್ರೀತಿಯಿಂದ ನಮ್ಮ ಮನೆಯನ್ನೂ ಕಟ್ಟಿರಲಿಲ್ಲ. ಗಿಡುಗ ಕೂರುವ ಮೂಲೆಯಲ್ಲಿ ಗಾರೆಯನ್ನು ಮೂರು ಸಲ ಉಜ್ಜಿದರು. "ಅದರ ರೆಕ್ಕೆ ತಾಗಿ ಹರಿದುಹೋಗಬಾರದು," ಎನ್ನುತ್ತಿದ್ದರು. ಜನವರಿ 3ಕ್ಕೆ ಕೊನೆಯ ಮೆಟ್ಟಿಲ ಕಲ್ಲು ಕೂರಿಸಿದೆವು. ಅರಬಿ ಮೆಟ್ಟಿಲ ಮೇಲೆ ಕಾಲು ಬಡಿದು ನೋಡಿ, "ತಮಾಮ್," ಅಂದ. ಬೇಟೆಗೆ ಹೊರಡುವ ದಿನವನ್ನೂ ಹೇಳಿದ: ಜನವರಿ 23, ಗುರುವಾರ ಮಧ್ಯಾಹ್ನ. ನಾನು ಗುರುವಾರ ಅರ್ಧ ದಿನ, ಶನಿವಾರ ಪೂರ್ತಿ ರಜೆ ಹಾಕಿದೆ.

ಉಪ್ಪ ಆ ಪ್ರಯಾಣಕ್ಕೆ ಹವಲ್ಲಿಯ ಪೇಟೆಗೆ ಹೋಗಿ ಹೊಸ ಸ್ವೆಟರ್ ತಂದರು, ಬೂದು ಬಣ್ಣದ್ದು. ಡ್ರೈವರ್ ಛೇಡಿಸಿದ: "ಕಾಕಾ, ಬೇಟೆಗೋ ಹೆಣ್ಣು ನೋಡಲಿಕ್ಕೋ?"

"ಎರಡೂ ಒಂದೇ ಮಾರಾಯ. ನಾವು ನೋಡುವುದಕ್ಕಿಂತ ಮುಂಚೆ ಅದು ನಮ್ಮನ್ನು ನೋಡಿರುತ್ತದೆ."

ಅರಬಿಯ ಡೇರೆಗಳಿದ್ದದ್ದು ಪಡುವಣದ ಮರಳಿನಲ್ಲಿ, ಡಾಂಬರು ಬಿಟ್ಟು ಮತ್ತೆ ಇಪ್ಪತ್ತು ನಿಮಿಷ. ಮೂರು ಡೇರೆ. ಹಣ ಕೊಟ್ಟು ಬಂದ ಇಬ್ಬರು ಅತಿಥಿಗಳು ಮೊದಲೇ ಬಂದಿದ್ದರು, ಯೂರೋಪಿನವರು, ಯಾವುದೋ ಕಚೇರಿಯ ಇಂಜಿನಿಯರುಗಳು. ಅಡುಗೆಗೂ ಕಾವಲಿಗೂ ಒಬ್ಬ ಬಂಗಾಳಿ ಇದ್ದ. ನಮಗೂ ಕಂಬಳಿ ಹಾಸಿದ ಜಾಗ ತೋರಿಸಿದರು, ಆನಿಕೊಳ್ಳಲು ದಿಂಬು ಕೊಟ್ಟರು, ಖರ್ಜೂರ, ಕಾಫಿ ಬಂತು. 3.50ಕ್ಕೆ ನಾವಿಬ್ಬರೂ ದಿಂಬಿಗೆ ಒರಗಿ ಕೂತಿದ್ದೆವು. ಅರಬಿ ಕೊಟ್ಟ ಮಾತಿಗೆ ತಪ್ಪಿರಲಿಲ್ಲ. ಇದನ್ನು ಮರೆಯಬಾರದು, ಏಕೆಂದರೆ ಎಲ್ಲ ತಪ್ಪನ್ನೂ ಅವನ ತಲೆಗೆ ಕಟ್ಟುವುದು ನನಗೆ ಸುಲಭ.

ಒಲೆಯಿಂದ ಹೊಗೆ ಬರುತ್ತಿತ್ತು. ನಾಲ್ಕು ಬ್ಲಾಕ್ ಜೋಡಿಸಿ ಮಾಡಿದ ಒಲೆ. ಬಂಗಾಳಿ ಅದರ ಬಾಯನ್ನು ಗಾಳಿಗೆ ನೇರ ಇಟ್ಟಿದ್ದ. ಹೊಗೆಯೆಲ್ಲ ಡೇರೆಗೆ ನುಗ್ಗಿ ಬಿಳಿಯರು ಕೆಮ್ಮತೊಡಗಿದರು. ಉಪ್ಪ ಆ ಒಲೆಯನ್ನು ಎರಡು ಸಲ ನೋಡಿದರು. ಮೂರನೆಯ ಸಲ ನೋಡಿ ವಾಚು ಬಿಚ್ಚಿದರು.

"ಉಪ್ಪಾ, ಕೂತುಕೊಳ್ಳಿ."

"ಗಾಳಿಗೆ ಬಾಯಿ ಕೊಟ್ಟಿದ್ದಾನಲ್ಲ."

"ಕೊಡಲಿ. ನಾವು ದೈಫ್ ಇಲ್ಲಿ."

"ದೈಫ್ ಆದರೆ ಹೊಗೆ ಕುಡಿಯಬೇಕಾ? ಎರಡು ನಿಮಿಷದ ಕೆಲಸ."

ಅವರ ತಲೆಮಾರಿನವರು ಹಾಗೆಯೇ. ಬೇರೆಯವರ ಮನೆಯಲ್ಲಿ ಸುಮ್ಮನೆ ಕೂರುವುದು ಅವರಿಗೆ ಒಂದು ಬಗೆಯ ಕಳ್ಳತನ. ನೆಂಟರ ಮದುವೆಗೆ ಹೋದರೂ ಉಪ್ಪ ಮೊದಲು ಹೋಗುವುದು ಬಿರಿಯಾನಿ ಚೆಂಬಿನ ಹತ್ತಿರ, ಸೌದೆ ಸರಿಯಾಗಿ ಇಟ್ಟಿದ್ದಾರೋ ನೋಡಲು. ಊರಿನಲ್ಲಿ ಅದಕ್ಕೆ ಮರ್ಯಾದೆ ಇದೆ. ಕೈ ಹಾಕಿದವನನ್ನು ಮನೆಯವನು ಅನ್ನುತ್ತಾರೆ. ಇಲ್ಲಿ ಕೈ ಹಾಕಿದವನನ್ನು ಏನೆನ್ನುತ್ತಾರೆ ಎಂಬುದು ಇಪ್ಪತ್ತೇಳು ವರ್ಷ ಇದ್ದ ಅವರಿಗಿಂತ ಮೂರು ವರ್ಷದ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎದ್ದು ಅವರ ಕೈ ಹಿಡಿಯಲಿಲ್ಲ. ಬಿಳಿಯರ ಎದುರು ಅಪ್ಪನನ್ನು ಎಳೆದು ಕೂರಿಸಲು ನಾಚಿಕೆಯಾಯಿತು.

ಎರಡು ನಿಮಿಷ ಐವತ್ತು ನಿಮಿಷವಾಯಿತು. ಒಲೆ ತಿರುಗಿತು, ಹೊಗೆ ಮರುಭೂಮಿಯತ್ತ ಹೋಯಿತು. ಅರಬಿ ಬಂದು ನೋಡಿ ಚಪ್ಪಾಳೆ ತಟ್ಟಿದ. "ಮಾಶಾ ಅಲ್ಲಾಹ್, ಹಾಜಿ!" ಬಿಳಿಯರೂ ಹೆಬ್ಬೆರಳು ತೋರಿಸಿದರು. ಆಗಲೇ ಅರಬಿಗೆ ಹೊಳೆದದ್ದು. ಡೇರೆಯ ಹಿಂದೆ ಬ್ಲಾಕುಗಳ ರಾಶಿ ಇತ್ತು, ಎರಡು ಚೀಲ ಸಿಮೆಂಟೂ ಇತ್ತು. ಅತಿಥಿಗಳು ಕೂರುವ ಜಾಗಕ್ಕೆ ಗಾಳಿ ತಡೆಯಲು ಅರೆ ಗೋಡೆ ಕಟ್ಟಿಸಬೇಕೆಂದು ಅವನಿಗೆ ಎರಡು ವರ್ಷದಿಂದ ಇತ್ತಂತೆ. ಅವನೇನೂ ಆಜ್ಞೆ ಮಾಡಲಿಲ್ಲ. "ಹಾಜಿ, ತುಮ್ ಕ್ಯಾ ಬೋಲ್ತಾ?" ಎಂದು ಅಭಿಪ್ರಾಯ ಕೇಳಿದ. ಉಪ್ಪ ಹೆಜ್ಜೆ ಹಾಕಿ ಅಳತೆ ತೆಗೆದರು. ಕತ್ತಲಾಗುವ ಮೊದಲು ಒಂದು ಸಾಲು ಬಿದ್ದಿತ್ತು. 22 ಬ್ಲಾಕ್. ಹೊಸ ಸ್ವೆಟರ್ ಮಡಚಿ ನನ್ನ ಕೈಗೆ ಕೊಟ್ಟಿದ್ದರು.

ಶುಕ್ರವಾರ ಬೆಳಗಿನ ನಮಾಜಿಗೆ ಮರಳಿನ ಮೇಲೆ ಸಾಲು ನಿಂತೆವು. ಅರಬಿ, ಅವನ ಭುಜಕ್ಕೆ ಭುಜ ತಾಗಿಸಿ ಉಪ್ಪ, ಆಮೇಲೆ ನಾನು, ಬಂಗಾಳಿ. ಚಳಿಗೆ ಎಲ್ಲರ ಬಾಯಿಂದಲೂ ಒಂದೇ ಥರ ಹಬೆ ಬರುತ್ತಿತ್ತು. ನಮಾಜು ಮುಗಿದದ್ದು 5.40ಕ್ಕೆ. 6.05ಕ್ಕೆ ಜೀಪು ಚಾಲೂ ಆಯಿತು. ಬಂಗಾಳಿ ಪಿಕಪ್ ತೆಗೆದುಕೊಂಡು ಮೊದಲೇ ಹೋಗಿದ್ದ.

ಜೀಪಿನಲ್ಲಿ ಅರಬಿ, ಬಿಳಿಯರಿಬ್ಬರು, ನಡುವೆ ಗಿಡುಗದ ಪೀಠ. ಹಿಂದೆ ಒಂದೇ ಸೀಟು ಉಳಿಯಿತು. ಅರಬಿ ನನ್ನತ್ತ ಬೆರಳು ಮಾಡಿದ. "ತುಮ್ ಆವ್. ಇಂಗ್ಲಿಷ್ ಮಾಲೂಮ್, ಫೋಟೋ ನಿಕಾಲೋ." ಆಮೇಲೆ ಉಪ್ಪನಿಗೆ, ಪ್ರೀತಿಯಿಂದಲೇ: "ಹಾಜಿ, ತುಮ್ ದೀವಾರ್ ಖಲಾಸ್ ಕರೋ. ಬಾದೇನ್ ನಾಷ್ಟಾ." ಗೋಡೆ ಮುಗಿಸು, ಆಮೇಲೆ ತಿಂಡಿ.

ನಾನು ಉಪ್ಪನನ್ನು ನೋಡಿದೆ.

"ಹೋಗು ಮೋನೆ," ಎಂದರು ತಕ್ಷಣ. "ನನಗೆ ಇಲ್ಲಿ ಎರಡು ಸಾಲು ಬಾಕಿ ಉಂಟು. ಕಲಸಿದ ಸಿಮೆಂಟು ಗಟ್ಟಿಯಾಗ್ತದೆ."

ಸಿಮೆಂಟು ಇನ್ನೂ ಕಲಸಿರಲಿಲ್ಲ. ಚೀಲ ಬಿಚ್ಚಿಯೂ ಇರಲಿಲ್ಲ.

ನಾನು ಹೇಳಬಹುದಾಗಿದ್ದ ಮಾತುಗಳನ್ನು ಆಮೇಲೆ ಪಟ್ಟಿ ಮಾಡಿದ್ದೇನೆ. ಉಪ್ಪ ಕೂರಲಿ, ನಾನು ಗೋಡೆ ನೋಡುತ್ತೇನೆ. ಫೋಟೋ ಯಾರು ಬೇಕಾದರೂ ತೆಗೆಯಬಹುದು. ಇವರಿಗಾಗಿಯೇ ನಾವು ಹದಿಮೂರು ಶುಕ್ರವಾರ ದುಡಿದದ್ದು. ನಾಲ್ಕನೆಯದು, ಎಲ್ಲಕ್ಕಿಂತ ಚಿಕ್ಕದು: ಇಲ್ಲ. ಒಂದನ್ನೂ ಹೇಳದೆ ಜೀಪು ಹತ್ತಿದೆ. ಜಗಳವಾದರೆ ಅರಬಿ ಪೊಲೀಸರಿಗೆ ಹೇಳಿಬಿಟ್ಟಾನು ಎಂಬ ಭಯವಿತ್ತೆಂದು ಕೆಲವು ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಹದಿಮೂರು ದಿನ ಹೊತ್ತವನು ನಾನೂ ಹೌದು. ನನಗೂ ನೋಡಬೇಕೆನ್ನಿಸಿತ್ತು.

ಅಂದಿನ ಬೇಟೆ ಇಷ್ಟು. ಅರ್ಧ ಗಂಟೆ ಹೋದ ಮೇಲೆ ಬಂಗಾಳಿಯ ಪಿಕಪ್ ಕಂಡಿತು. ಅವನು ಅದರ ಹಿಂದಿನಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿ ಗಿಡ್ಡ ಪೊದೆಯ ಹಿಂದೆ ಇಟ್ಟು ಹಗ್ಗ ಎಳೆದ. ಸಾಕಿದ ಹುಬಾರಾ ಹಕ್ಕಿ, ಕೋಳಿಗಿಂತ ಸ್ವಲ್ಪ ದೊಡ್ಡದು. ಪೆಟ್ಟಿಗೆಯಿಂದ ಹೊರಬಂದು ಬೆಳಕಿಗೆ ಕಣ್ಣು ಪಿಳುಕಿಸುತ್ತ ನಿಂತಿತು. ಓಡಬೇಕೆಂದೂ ಅದಕ್ಕೆ ತಿಳಿಯಲಿಲ್ಲ. ಬಂಗಾಳಿ ಮರಳು ಎರಚಿ ಎಬ್ಬಿಸಿದ. ಅರಬಿ ಗಿಡುಗದ ಟೊಪ್ಪಿ ತೆಗೆದು ತೋಳು ಎತ್ತಿದ. ಅದು ನೆಲಕ್ಕೆ ತಾಗುವಷ್ಟು ಕೆಳಗೆ ಹೋಗಿ, ಒಮ್ಮೆಲೇ ಮೇಲೇರಿ, ತಿರುಗಿ ಬಿತ್ತು. ಫೋನಿನ ವಿಡಿಯೋದಲ್ಲಿ ಮೊದಲಿಂದ ಕೊನೆವರೆಗೆ 41 ಸೆಕೆಂಡು. ಬಿಳಿಯರು ಕೂಗಿದರು. ಮೊದಲ ಏಳೆಂಟು ಸೆಕೆಂಡು ಗಿಡುಗ ಏರಿದ ಆ ಏರಿಕೆ ನಿಜಕ್ಕೂ ಚಂದವಿತ್ತು. ಆಗಲೇ ನನಗೆ ಉಪ್ಪನ ನೆನಪಾದದ್ದು. ಅದಕ್ಕೂ ಮೊದಲು ಆಗಿರಲಿಲ್ಲ ಎಂಬುದನ್ನೂ ಬರೆದಿಟ್ಟಿದ್ದೇನೆ.

9.20ಕ್ಕೆ ಮರಳಿದೆವು. ಗೋಡೆ ತೊಡೆಯವರೆಗೆ ಬಂದಿತ್ತು. ಉಪ್ಪ ಕರಣೆ ಹಿಡಿದೇ ಕೇಳಿದರು.

"ಕಂಡಿತಾ?"

"ಕಂಡಿತು."

"ಎಲ್ಲಿಂದ ಎದ್ದಿತು?"

"ಒಂದು ಪೊದೆಯ ಹಿಂದಿನಿಂದ."

"ಎಷ್ಟು ದೂರ ಓಡಿತು? ಗಿಡುಗ ಮೇಲಿಂದ ಬಿತ್ತಾ, ಬದಿಯಿಂದಾ? ಕೂಗಿತಾ ಅದು?"

ಹೇಳುತ್ತ ಹೋದೆ. ತುಂಬ ದೂರ ಓಡಿತು. ಎರಡು ಸಲ ತಪ್ಪಿಸಿಕೊಂಡಿತು. ಪೆಟ್ಟಿಗೆಯ ಮಾತು ತೆಗೆಯಲಿಲ್ಲ. ವಿಡಿಯೋ ತೋರಿಸಲಿಲ್ಲ, ಅದರಲ್ಲಿ ಪೆಟ್ಟಿಗೆ ಕಾಣುತ್ತಿತ್ತು. ಅರಬಿಯ ಫೋನಿನಲ್ಲಿ ತೆಗೆದದ್ದು ಎಂದುಬಿಟ್ಟೆ.

ಆಮೇಲೆ ಅರಬಿಯ ಬಳಿ ಹೋಗಿ ಹೇಳಿದೆ, ಸಂಜೆ ಇನ್ನೊಮ್ಮೆ ಹಾರಿಸಿ, ನನ್ನ ತಂದೆ ನೋಡಲಿ. ಅವನಿಗೆ ನಿಜವಾಗಿ ಬೇಸರವಾಯಿತು. ಗಿಡುಗ ಆಗಲೇ ತಿಂದಿದೆ, ಹೊಟ್ಟೆ ತುಂಬಿದ ಗಿಡುಗ ಹಾರುವುದಿಲ್ಲ, ಇನ್ನೊಂದರ ರೆಕ್ಕೆಯ ಗರಿ ಮುರಿದಿದೆ. "ಹಾಜಿ ಬೋಲಾ ನಹೀ ನಾ," ಎಂದು ಕೈ ಚೆಲ್ಲಿದ. ಹೇಳಬೇಕಿತ್ತಲ್ಲ! ಅವನ ಮುಖದಲ್ಲಿ ಕಪಟ ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದರೆ ಒಳ್ಳೆಯದಿತ್ತು.

ಮಧ್ಯಾಹ್ನ ಆ ಹಕ್ಕಿಯನ್ನು ಅನ್ನದ ಮೇಲಿಟ್ಟು ತಂದರು. ಅರಬಿಯೂ ಬಿಳಿಯರೂ ಹೊಸ ಗೋಡೆಯ ಮರೆಯಲ್ಲಿ ಕೂತು ತಿಂದರು. ಉಪ್ಪ ಕೈ ತೊಳೆದು ಬರುವಷ್ಟರಲ್ಲಿ ಬಂಗಾಳಿ ನಮ್ಮ ಪಾಲನ್ನು ಒಲೆಯ ಹತ್ತಿರ ಬೇರೆ ತಟ್ಟೆಯಲ್ಲಿ ಇಟ್ಟಿದ್ದ. ಹಿಂದಿನ ಸಂಜೆಯ ದಿಂಬುಗಳ ಬಳಿ ನಮ್ಮನ್ನು ಯಾರೂ ಕರೆಯಲಿಲ್ಲ, ಯಾರೂ ತಡೆಯಲೂ ಇಲ್ಲ. ಉಪ್ಪ ತಾವಾಗಿಯೇ ಒಲೆಯ ಬಳಿ ಕೂತರು.

ಶನಿವಾರ ರೂಮಿಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ.

"ನೀವು ಆ ಒಲೆ ಮುಟ್ಟದೆ ಇದ್ದಿದ್ದರೆ ಈ ಗತಿ ಬರ್ತಿರಲಿಲ್ಲ ಉಪ್ಪಾ."

"ಒಲೆ ಮುಟ್ಟದೆ ಅಲ್ಲಿ ನಾನು ಯಾರು ಅಂತ ಕೂರುವುದು?"

"ಅತಿಥಿ ಅಂತ!"

"ಅದು ಅವನು ಹೇಳಿದ್ದು. ನನಗೂ ಹಾಗೆ ಅನ್ನಿಸಬೇಡವಾ?"

ಡ್ರೈವರ್ ತನ್ನ ಮಂಚದಿಂದಲೇ ಎಲ್ಲ ಕೇಳಿಸಿಕೊಂಡಿದ್ದ. "ಮದುವೆಗೆ ಹೋಗಿ ಚಪ್ಪರ ಹಾಕಿ ಬಂದ ಹಾಗಾಯ್ತಲ್ಲ ಕಾಕಾ," ಅಂದ. ಉಪ್ಪ ನಕ್ಕರು. ಅವರು ನಕ್ಕದ್ದು ನನಗೆ ಸಹಿಸಲಾಗಲಿಲ್ಲ. ಮುಂದಿನ ಮೂರು ದಿನ ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಅವರಿಗೆ ಇಲ್ಲಿ ಉಳಿದಿದ್ದದ್ದು ಹದಿನೈದು ದಿನ. ಅದರಲ್ಲಿ ಮೂರನ್ನು ನಾನು ಹಾಗೆ ಕಳೆದೆ. ಒಂದು ಸೀಟನ್ನು ಅವರಿಗೆ ಬಿಟ್ಟುಕೊಡದ ಸಿಟ್ಟನ್ನು ಅವರ ಮೇಲೆಯೇ ತೀರಿಸಿಕೊಂಡೆ. ಉಪ್ಪ ಒಮ್ಮೆಯೂ ಸೀಟಿನ ಮಾತು ಎತ್ತಲಿಲ್ಲ. ಎತ್ತಿದರೆ ಕೊಡಲು ಉತ್ತರ ಸಿದ್ಧ ಮಾಡಿಕೊಂಡಿದ್ದೆ.

ಫೆಬ್ರವರಿ 9ರಂದು ಅವರು ಹೋದರು. ಲಗೇಜು 29 ಕಿಲೋ 400 ಗ್ರಾಂ.

ಮಾರ್ಚ್ ಎರಡನೆಯ ವಾರ, ಮಧ್ಯಾಹ್ನದ ಬಿಡುವಿನಲ್ಲಿ ಭಾವ, ಅಂದರೆ ಅಕ್ಕನ ಗಂಡ, ಊರಿಂದ ವಿಡಿಯೋ ಕಾಲ್ ಮಾಡಿದ. ನಮ್ಮ ಮನೆಯ ಜಗಲಿಯಲ್ಲಿ ಐದಾರು ಜನ ಸೇರಿದ್ದರು. ನಡುವೆ ಬೂದು ಸ್ವೆಟರ್ ಹಾಕಿಕೊಂಡು ಉಪ್ಪ. ಮಾರ್ಚಿನ ಸೆಕೆಯಲ್ಲಿ ಸ್ವೆಟರ್! ಅವರು ಎರಡೂ ಕೈಯನ್ನು ರೆಕ್ಕೆಯ ಹಾಗೆ ಅಗಲಿಸಿ ಏನೋ ತೋರಿಸುತ್ತಿದ್ದರು.

"ಭಾರೀ ಕತೆ ಹೇಳ್ತಾರೆ ಮಾರಾಯ ನಿನ್ನ ಉಪ್ಪ," ಅಂದ ಭಾವ. "ಪೊದೆಯ ಹಿಂದಿನಿಂದ ಎದ್ದಿತಂತೆ, ಎರಡು ಸಲ ತಪ್ಪಿಸಿಕೊಂಡಿತಂತೆ. ಅರಬಿಯ ಪಕ್ಕದ ಸೀಟಿನಲ್ಲೇ ಕೂತಿದ್ದರಂತೆ. ಹೌದಾ?"

ನಾನು ಏನೂ ಹೇಳುವ ಮೊದಲೇ ಅವನು ನಗುತ್ತ ಮುಂದುವರಿಸಿದ.

"ನೀನು ಮಾತ್ರ ಸುಖ ಬೇಡದವನು ಮಾರಾಯ! ಅಷ್ಟು ದೂರ ಹೋಗಿ, ಜೀಪಿನಲ್ಲಿ ಜಾಗ ಇಲ್ಲ ಅಂತ ಹಿಂದೆ ಉಳಿದು ಗೋಡೆ ಕಟ್ಟಿದೆಯಂತೆ?"

ಅವನ ಹಿಂದೆ ಉಪ್ಪ ಮಾತು ನಿಲ್ಲಿಸಿದ್ದರು. ಕೈಗಳು ಇನ್ನೂ ಅಗಲವಾಗಿಯೇ ಇದ್ದವು. ಫೋನಿನತ್ತ ನೋಡಲಿಲ್ಲ, ಅಂಗಳದತ್ತ ನೋಡುತ್ತಿದ್ದರು. ಒಂದು ಕ್ಷಣ ನನಗೆ ಎಲ್ಲವನ್ನೂ ಹೇಳಿಬಿಡಬೇಕೆನಿಸಿತು. ವಿಡಿಯೋ ನನ್ನ ಫೋನಿನಲ್ಲೇ ಇತ್ತು.

"ಹೌದು ಭಾವ," ಎಂದೆ. "ಒಬ್ಬರು ಉಳಿಯಲೇಬೇಕಿತ್ತು. ಉಪ್ಪ ಬೇಡ ಅಂದರು, ನಾನೇ ಹತ್ತಿಸಿ ಕಳಿಸಿದೆ."

ಜಗಲಿಯಲ್ಲಿ ಯಾರೋ "ನೋಡಿದಿರಾ, ಮಗ ಅಂದರೆ ಹಾಗಿರಬೇಕು," ಅಂದರು. ಉಪ್ಪ ಆಗ ಮೊದಲ ಸಲ ಫೋನಿನ ಕಡೆ ತಿರುಗಿದರು. ಊಟವಾಯಿತಾ ಎಂದು ಕೇಳಿದರು. ಆಯಿತು ಎಂದೆ.